ಹಾಲಿನ ಪಾಳಿ, ನಿಧಾನದ ಡಿಸ್ಕ್

ಲಿಂಗನೂರು
೧೨ ಜೂನ್ ೨೦೦೧

ಹರ್ಷದಾ,

ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು, ಅದೂ ಜಗಳಕ್ಕೆ. ನಿನ್ನ ಕಂಪ್ಯೂಟರ್ ದಿನಾ ಎರಡು ಹೊತ್ತು ಊರ ಮುಂದೆ ನನ್ನ ಮಾನ ಕಳೆಯುತ್ತಿದೆ.

ಸಾಂಗಲಿಯ ನಿನ್ನ ಅಂಗಡಿಯಿಂದ ಅದನ್ನು ತಂದು ನಮ್ಮ ಹಾಲಿನ ಡೇರಿಯ ಮೇಜಿನ ಮೇಲೆ ಕೂರಿಸಿದಾಗ ಏನು ಹೇಳಿದ್ದೆ, ನೆನಪಿದೆಯೇ? "ಹೆಸರ ಒತ್ತು, ಲೀಟರ್ ಒತ್ತು, ಫ್ಯಾಟ್ ಒತ್ತು, ಚೀಟಿ ಬರ್ತೈತಿ" ಅಂದಿದ್ದೆ. ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಖಾತೆ ತೆರೆದುಕೊಳ್ಳುವಷ್ಟರಲ್ಲಿ ನಾನು ಪರದೆ ನೋಡುತ್ತಿರುತ್ತೇನೆ, ಹಾಲು ತಂದವಳು ನನ್ನ ಮುಖ ನೋಡುತ್ತಿರುತ್ತಾಳೆ, ಡಬ್ಬಿಯೊಳಗೆ ಡಿಸ್ಕ್ ಕರಕರ ಅನ್ನುತ್ತಲೇ ಇರುತ್ತದೆ. ನಿಂತವರ ಪಾಳಿ ಸಾಲುಗಟ್ಟಿ ಬೇವಿನ ಗಿಡ ದಾಟಿ ರಸ್ತೆಗೆ ಹೋಗುತ್ತದೆ. ರಸ್ತೆಯ ಆಚೆ ಹೊಸ ಖಾಸಗಿ ಡೇರಿಯವರು ಬಣ್ಣದ ಕೊಡೆ ಹಾಕಿಕೊಂಡು ಕುಳಿತಿದ್ದಾರೆ. ನಿಂತು ಬೇಸತ್ತವರು ಕ್ಯಾನ್ ಎತ್ತಿಕೊಂಡು ಅಲ್ಲಿಗೆ ನಡೆಯುತ್ತಾರೆ.

ನಮ್ಮ ಚೇರಮನ್ ರಾವಸಾಬ ಕಾಕಾ ನಿನ್ನೆ ಬಂದು ಹೇಳಿದರು: "ಮುಂದಿನ ತಿಂಗಳ ಮೀಟಿಂಗ್ ತನಕ ನೋಡ್ತೇನಿ. ಪಾಳಿ ಕರಗಲಿಲ್ಲಂದ್ರ ಡಬ್ಬಿ ವಾಪಸ್. ಮೊದಲಿನಂಗ ವಹಿ, ಪೆನ್ನು."

ಡಬ್ಬಿ ಹೋದರೆ ನನ್ನ ಕೆಲಸವೂ ಹೋಗುತ್ತದೆ. ಅದನ್ನು ಹೇಗೋ ತಡೆದುಕೊಂಡೇನು. ಚೀಟಿ ಹೋಗುತ್ತದಲ್ಲ, ಅದು ನನ್ನಿಂದ ತಡೆಯಲಾಗದು. ಮೊದಲಿನ ಲೆಕ್ಕದ ವಹಿಯಲ್ಲಿ ಮನೆಗೊಂದು ಹೆಸರು, ಅದೂ ಗಂಡಸಿನದು. ನಾನು ಕುಳಿತ ಮೇಲೆ ಯಾರು ಹಿಂಡಿ ತರುತ್ತಾರೋ ಅವರ ಹೆಸರು ಹಾಕಿದೆ. ಯಾರೂ ಬೇಡ ಅನ್ನಲಿಲ್ಲ, ಯಾಕೆಂದರೆ ಯಾರೂ ಗಮನಿಸಲಿಲ್ಲ. ಗಮನಿಸಿದ್ದು ಹೆಂಗಸರು ಮಾತ್ರ. ನಮ್ಮ ಅತ್ತೆ ತುಳಸವ್ವನಿಗೆ ಒಂದಕ್ಷರ ಓದಲು ಬರುವುದಿಲ್ಲ. ಮೊದಲ ಚೀಟಿ ಬಂದ ದಿನ ಅದನ್ನು ನನ್ನ ಗಂಡ ಅಮಿತನ ಮುಂದೆ ಹಿಡಿದು, "ಇದರಾಗ ನನ್ನ ಹೆಸರ ಎಲ್ಲೈತಿ, ಬಟ್ಟಿಟ್ಟು ತೋರ್ಸು" ಅಂದರು. ಅವನು ಬೆರಳಿಟ್ಟು ತೋರಿಸಿದ. ಅದಕ್ಕೇ ಕೇಳುತ್ತಿದ್ದೇನೆ. ಈ ಡಿಸ್ಕಿಗೆ ಏನಾಗಿದೆ?

ಉತ್ತರವನ್ನು ಹಾಲಿನ ಗಾಡಿಯ ಡ್ರೈವರ್ ಬಾಳು ಕೈಯಲ್ಲೇ ಕೊಡು. ಮಿರಜದಲ್ಲಿ ಕ್ಯಾನ್ ಇಳಿಸಿದ ಮೇಲೆ ಸಾಂಗಲಿಯಲ್ಲಿ ಅವನಿಗೆ ದಿನಾ ಏನಾದರೊಂದು ನೆಪ ಇದ್ದೇ ಇರುತ್ತದೆ. ಮಂದಿಯ ಕಾಗದ ಒಡೆದು ಓದುವ ಚಾಳಿ ಅವನಿಗಿದೆ, ಆದರೆ ಬರುವುದು ಮರಾಠಿಯೊಂದೇ. ಆದ್ದರಿಂದ ಕನ್ನಡದಲ್ಲೇ ಬರೆ. ಫೋನ್ ಮಾಡಬೇಡ. ಫೋನಿರುವುದು ಚೇರಮನ್ನರ ಮೇಜಿನ ಮೇಲೆ.

ಸಿಟ್ಟಿನಲ್ಲಿರುವ
ಮನಿಷಾ


ಸಾಂಗಲಿ
೧೫ ಜೂನ್ ೨೦೦೧

ಮನಿಷಾ,

ಇಬ್ಬರೂ ಕೂಡಿ ಮಿರಜದಲ್ಲಿ ಕಂಪ್ಯೂಟರ್ ಕ್ಲಾಸ್ ತೆಗೆಯೋಣ ಅಂದಿದ್ದವಳು ನೀನು. ಅರಿಶಿನ ಹಚ್ಚಿಸಿಕೊಂಡು ಹೊರಟೇಬಿಟ್ಟೆ. ಆ ಮಾತು ಈಗ ಬೇಡ. ಡಿಸ್ಕಿನ ಮಾತಾಡೋಣ.

ತಪ್ಪು ನಿನ್ನದಲ್ಲ, ಡಿಸ್ಕಿನದೂ ಅಲ್ಲ. ವೈರಸ್ ಕಾಟ ಬೇಡವೆಂದು ನಾನು ಅದರಲ್ಲಿ ಲಿನಕ್ಸ್ ಹಾಕಿದ್ದೇನೆ. ಈ ಲಿನಕ್ಸ್ ಹಳೆಯ ಡಿಸ್ಕ್ ಕಂಡರೆ ಹೆದರಿ ನಡೆಯುತ್ತದೆ. ಯಾವ ಡಿಸ್ಕ್ ಎಷ್ಟು ವೇಗ ತಾಳುತ್ತದೋ ಗೊತ್ತಿಲ್ಲವಲ್ಲ, ಹಾಗಾಗಿ ಎಲ್ಲಕ್ಕಿಂತ ನಿಧಾನದ ದಾರಿ ಹಿಡಿದುಬಿಡುತ್ತದೆ. ಈಗ ನಿನ್ನ ಯಂತ್ರದಲ್ಲಿ ಡಿಸ್ಕಿನಿಂದ ಬರುವ ಒಂದೊಂದು ತುಣುಕನ್ನೂ ಪ್ರೊಸೆಸರ್ ತಾನೇ ಹೊತ್ತು ಮೆಮರಿಗೆ ಹಾಕುತ್ತಿದೆ. ಫ್ಯಾಟ್ ನೋಡುವವಳು ನೀನೇ, ಚೀಟಿ ಹರಿಯುವವಳು ನೀನೇ, ಎಲ್ಲರ ಹಾಲನ್ನೂ ಹೊತ್ತು ಕ್ಯಾನಿಗೆ ಸುರಿಯುವವಳೂ ನೀನೇ ಆದರೆ ಹೇಗಿರುತ್ತದೆ, ಹಾಗಾಗಿದೆ. "ಪ್ರೊಸೆಸರನ್ನು ಬಿಡು, ನೀನೇ ನೇರವಾಗಿ ಮೆಮರಿಗೆ ಸುರಿ" ಎಂದು ಡಿಸ್ಕಿಗೆ ಹೇಳಬಹುದು. ಅದಕ್ಕೆ ಡಿಎಂಎ ಅನ್ನುತ್ತಾರೆ. ಹೇಳುವ ಕಮಾಂಡಿನ ಹೆಸರು ಎಚ್‌ಡಿಪಾರ್ಮ್.

ಒತ್ತಬೇಕಾದ ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬೇರೆ ಕಾಗದದ ಮೇಲೆ ಬರೆದಿಟ್ಟಿದ್ದೇನೆ. ಚಿಕ್ಕ ಅಕ್ಷರ ಚಿಕ್ಕದೇ, ದೊಡ್ಡದು ದೊಡ್ಡದೇ. ನೀನು ಫೋನ್ ಬೇಡ ಅಂದದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ಒಂದು ಅಕ್ಷರ ತಪ್ಪಿ ಕೇಳಿಸಿದರೂ ಡಿಸ್ಕ್ ಹೋದೀತು.

ಮೊದಲು ಎಲ್ಲ ಖಾತೆಗಳನ್ನೂ ಫ್ಲಾಪಿಗೆ ನಕಲು ಮಾಡು. ಇದನ್ನು ಮಾಡದೆ ಮುಂದಿನ ಸಾಲು ಓದಲೇಬೇಡ. ಆಮೇಲೆ ಈಗಿನ ವೇಗ ಅಳೆ. ಬೇರೆ ಯಾವ ಕೆಲಸವೂ ನಡೆಯದಿರುವಾಗ, ಎರಡು ಮೂರು ಸಲ ಅಳೆ. ಒಂದು ಬದಲಾವಣೆ ಮಾಡು, ಮತ್ತೆ ಅಳೆ. ಆತುರಪಟ್ಟು ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ. ದೊಡ್ಡ ಎಕ್ಸ್ ಅಕ್ಷರದ ಒಂದು ಆಯ್ಕೆ ಇದೆ, ವೇಗವನ್ನು ಬಲವಂತದಿಂದ ಏರಿಸುವಂಥದ್ದು. ಅದರ ಹತ್ತಿರ ಹೋಗಬೇಡ. ನಿನ್ನ ಸ್ವಭಾವ ನನಗೆ ಗೊತ್ತು, ಅದಕ್ಕೇ ಅದನ್ನು ಆ ಕಾಗದದಲ್ಲಿ ಬರೆದೇ ಇಲ್ಲ.

ಹರ್ಷದಾ


ಲಿಂಗನೂರು
೨೨ ಜೂನ್ ೨೦೦೧

ಹರ್ಷದಾ,

ನೀನು ಹೇಳಿದಂತೆಯೇ ಮಾಡಿದೆ, ಒಂದೊಂದಾಗಿ. ಮೊದಲು ಅಳೆದಾಗ ಸೆಕೆಂಡಿಗೆ ಮೂರು ಎಂಬಿ. ನಿನ್ನ ಕಾಗದದ ಮೂವತ್ತೆರಡು ಬಿಟ್ಟಿನ ಸಾಲನ್ನು ಹಾಕಿದೆ, ಸ್ವಲ್ಪ ಏರಿತು. ಒಂದೇ ಸಲಕ್ಕೆ ಹಲವು ತುಣುಕು ಓದುವುದನ್ನು ಹಾಕಿದೆ, ಇನ್ನೂ ಚೂರು ಏರಿತು. ಕೊನೆಗೆ ಡಿಎಂಎ. ಎಂಟರ್ ಒತ್ತಿದ ಮೇಲೆ ಪರದೆ ಸುಮ್ಮನೆ ನಿಂತಿತು. ಆಮೇಲೆ ಮೆಲ್ಲಗೆ ಕರ್ಸರ್ ಬಂತು. ಅಳೆದರೆ ಹದಿನಾರು.

ಅವತ್ತು ಸಂಜೆಯ ಪಾಳಿ ನೀನು ನೋಡಬೇಕಿತ್ತು. ಹೆಸರು ಒತ್ತುವುದೇ ತಡ, ಖಾತೆ ತೆರೆಯುತ್ತಿತ್ತು. ಬೇವಿನ ಗಿಡದ ತನಕವೂ ಯಾರೂ ನಿಲ್ಲಲಿಲ್ಲ. ತುಳಸವ್ವ ಚೀಟಿ ಹಿಡಿದು, "ಇಷ್ಟ ಲಗೂನ ಬಂತಲ್ಲ, ಖರೇ ಲೆಕ್ಕ ಐತೋ ಇಲ್ಲೋ" ಎಂದು ಅನುಮಾನಪಟ್ಟರು.

ಖುಷಿ ಒಂದು ರಾತ್ರಿಯದು. ಬೆಳಗ್ಗೆ ಯಂತ್ರ ಹಚ್ಚಿದರೆ ಮೊದಲು, ಎಂದಿನಂತೆ, ಅದೇನೋ ತಪಾಸಣೆ ಅಂತ ಪರದೆಯ ತುಂಬ ಅಂಕಿ ಓಡತೊಡಗಿದವು. ಹೊರಗೆ ಪಾಳಿ ಬೆಳೆಯುತ್ತಿದೆ, ಒಳಗೆ ಅಂಕಿ ಮುಗಿಯುತ್ತಿಲ್ಲ. ಮುಗಿದು ಶುರುವಾದ ಮೇಲೆ ಮತ್ತೆ ಅದೇ ಕರಕರ, ಅದೇ ಮೂರು. ನಾನು ಬಡಾಯಿ ಕೊಚ್ಚಿಕೊಂಡಿದ್ದರಿಂದ ರಾವಸಾಬ ಕಾಕಾ ಅವತ್ತೇ ನೋಡಲು ಬಂದಿದ್ದರು. "ನಿನ್ನಿ ಓಡಿದ ಕುದರಿ ಇವತ್ತ ಯಾಕ ಕುಂಟತೈತಿ?" ಅಂದರು. ಪಾಳಿಯಲ್ಲಿದ್ದವರು ನಕ್ಕರು. ನನಗೆ ಅಳು ಬಂತು, ಅವರ ಎದುರು ಅಳಲಿಲ್ಲ.

ಮೀಟಿಂಗ್ ಹತ್ತಿರ ಬಂತು. ಏನು ಮಾಡಲಿ?

ಮನಿಷಾ


ಸಾಂಗಲಿ
೨೫ ಜೂನ್ ೨೦೦೧

ಮನಿಷಾ,

ಅಳಬೇಡ. ಇವು ಎರಡು ಬೇರೆ ಬೇರೆ ರೋಗ.

ಒಂದನ್ನು ಹೇಳಲು ನಾನೇ ಮರೆತಿದ್ದೆ. ಎಚ್‌ಡಿಪಾರ್ಮ್‌ನಿಂದ ಹೇಳಿದ್ದು ಯಂತ್ರ ಆರುವ ತನಕ ಮಾತ್ರ ಡಿಸ್ಕಿನ ನೆನಪಿನಲ್ಲಿರುತ್ತದೆ. ಬೆಳಗ್ಗೆ ಹೊಸದಾಗಿ ಹೇಳಬೇಕು. ಇನ್ನೊಂದು, ಆ ತಪಾಸಣೆ. ಯಂತ್ರವನ್ನು ಸರಿಯಾಗಿ ಮುಚ್ಚದೆ ತಟ್ಟನೆ ಕರೆಂಟ್ ತೆಗೆದರೆ ಮಾತ್ರ ಅದು ಬರುತ್ತದೆ. ಅಲ್ಲಿ ಯಾರು ಕರೆಂಟ್ ತೆಗೆಯುತ್ತಿದ್ದಾರೆ? ಹುಡುಕು.

ಇನ್ನೊಂದು ಮಾತು. ಹೊಸ ಕಾಗದದಲ್ಲಿ ಕೊನೆಗೆ ಒಂದು ಸಾಲು ಸೇರಿಸಿದ್ದೇನೆ. ಡಿಸ್ಕ್ ಬರೆಯಲು ಬಂದದ್ದನ್ನು ತನ್ನ ಬಗಲಲ್ಲಿಟ್ಟುಕೊಂಡು "ಬರೆದಾಯಿತು" ಎಂದು ಸುಳ್ಳು ಹೇಳುತ್ತದೆ, ಆಮೇಲೆ ಬಿಡುವಾದಾಗ ಬರೆಯುತ್ತದೆ. ಅದರಿಂದ ವೇಗವೇನೋ ಬರುತ್ತದೆ. ಆದರೆ ನಿಮ್ಮ ಊರಿನ ಕರೆಂಟಿಗೆ ಅದು ಆಗಿಬರುವುದಿಲ್ಲ. ನಡುವೆ ಕರೆಂಟ್ ಹೋದರೆ ಯಾವಳೋ ಒಬ್ಬಳ ಹಾಲು ಇಲ್ಲದಂತಾಗುತ್ತದೆ. ಆ ಸಾಲು ಒತ್ತಿ ಅದನ್ನು ನಿಲ್ಲಿಸು. ಓದುವುದರಲ್ಲಿ ಬೇಕಾದಷ್ಟು ಆತುರಪಡು, ಬರೆಯುವುದರಲ್ಲಿ ಬೇಡ.

ದಿನಾ ಬೆಳಗ್ಗೆ ಈ ಸಾಲುಗಳನ್ನು ನೀನೇ ಕೈಯಿಂದ ಒತ್ತು. ಯಂತ್ರ ಶುರುವಾಗುವಾಗ ತಾನೇ ಓದಿಕೊಳ್ಳುವ ಫೈಲ್ ಒಂದಿದೆ, ಅದರಲ್ಲಿ ಬರೆದಿಟ್ಟರೆ ದಿನಾ ಒತ್ತುವ ಕಷ್ಟವಿಲ್ಲ. ಅದು ನಿನಗೂ ಗೊತ್ತು. ಆದರೂ ಬರೆಯಬೇಡ. ಒತ್ತುವಾಗ ಯಾರಾದರೂ ನೋಡುತ್ತಿದ್ದರೆ ಪರದೆಗೆ ಅಡ್ಡ ಕುಳಿತುಕೋ. ಯಾಕೆಂದು ಕೇಳಬೇಡ.

ಹರ್ಷದಾ


ಲಿಂಗನೂರು
೯ ಜುಲೈ ೨೦೦೧

ಹರ್ಷದಾ,

ಕಳ್ಳ ಸಿಕ್ಕ. ಕಳ್ಳ ಅನ್ನಲು ಮನಸ್ಸಾಗುವುದಿಲ್ಲ, ನಮ್ಮ ಅಪ್ಪಣ್ಣ. ಕೊನೆಯ ಕ್ಯಾನ್ ಗಾಡಿಗೆ ಏರಿದ ಕೂಡಲೇ ಬಕೆಟ್ಟುಗಟ್ಟಲೆ ನೀರು ಸುರಿದು ಡೇರಿ ತೊಳೆಯುವುದು ಅವನ ಕೆಲಸ. ಹಾಲು ಚೆಲ್ಲಿದ ನೆಲ ಸುಮ್ಮನೆ ಬಿಟ್ಟರೆ ಮರುದಿನ ನಿಲ್ಲಲಾಗದ ನಾತ. ಒಮ್ಮೆ ತೊಳೆಯುವಾಗ ಅವನಿಗೆ ಕರೆಂಟ್ ಹೊಡೆದಿತ್ತಂತೆ. ಅಂದಿನಿಂದ ಬಕೆಟ್ ಎತ್ತುವ ಮೊದಲು ಮೇನ್ ಸ್ವಿಚ್ ಎಳೆಯುತ್ತಾನೆ. ನಾನು ಕೈಕಾಲು ತೊಳೆಯಲು ಹೊರಗೆ ಹೋದಾಗಲೇ ಇದು ನಡೆಯುತ್ತಿತ್ತು.

"ಅಪ್ಪಣ್ಣಾ, ಕಂಪ್ಯೂಟರ್ ಚಾಲೂ ಇದ್ದಾಗ ಮೇನ್ ಜಗ್ಗಬ್ಯಾಡ" ಅಂದೆ.

"ನಿನ್ನ ಕಂಪ್ಯೂಟರ್ ಸತ್ರ ಇನ್ನೊಂದ ಬರ್ತೈತಿ. ನಾ ಸತ್ರ ನನ್ನ ಹೆಂಡ್ತಿಗೆ ಯಾರ ಕೊಡ್ತಾರ?" ಅಂದ.

ಮಾತು ಸರಿಯಾಗಿಯೇ ಇತ್ತು. ಈಗ ಒಂದು ಒಪ್ಪಂದವಾಗಿದೆ. ಕೊನೆಯ ಚೀಟಿ ಕೊಟ್ಟ ಕೂಡಲೇ ನಾನು ಯಂತ್ರ ಮುಚ್ಚುತ್ತೇನೆ. ಅವನು ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಪರದೆ ಕಪ್ಪಾಗಿದ್ದು ತನ್ನ ಕಣ್ಣಿಗೆ ಬಿದ್ದ ಮೇಲೆಯೇ ಮೇನ್ ಎಳೆಯುತ್ತಾನೆ. ತಪಾಸಣೆ ಅವತ್ತಿಗೇ ನಿಂತಿತು.

ನೀನು ಹೇಳಿದಂತೆ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಸಾಲುಗಳನ್ನು ಒತ್ತಿದೆ, ಅಡ್ಡ ಕುಳಿತು. ನಿನ್ನೆ ಮೀಟಿಂಗಾಯಿತು. ರಾವಸಾಬ ಕಾಕಾ ಸ್ವತಃ ಪಾಳಿಯ ಪಕ್ಕ ನಿಂತು ನೋಡಿದ್ದರು. "ಡಬ್ಬಿ ಇರಲಿ" ಅಂದರು. ಖಾಸಗಿಯವರ ಕೊಡೆಯ ಕೆಳಗಿನಿಂದ ಅರ್ಧ ಮಂದಿ ವಾಪಸ್ ಬಂದಿದ್ದಾರೆ.

ಇನ್ನೊಂದು ಸುದ್ದಿ. ನನಗೆ ಮೂರು ತಿಂಗಳು. ಹೆರಿಗೆಗೆ ಅಥಣಿ ಕಡೆಯ ತವರಿಗೆ ಹೋದರೆ ತಿಂಗಳುಗಟ್ಟಲೆ ಬರಲಾಗದು. ಆಗ ಬೆಳಗ್ಗೆ ಆ ಸಾಲುಗಳನ್ನು ಯಾರು ಒತ್ತುತ್ತಾರೆ? ಡಿಸ್ಕ್ ಮತ್ತೆ ಮೂರಕ್ಕೆ ಇಳಿಯುತ್ತದೆ, ಪಾಳಿ ರಸ್ತೆಗೆ ಬರುತ್ತದೆ, ಡಬ್ಬಿ ಹೋಗುತ್ತದೆ, ಡಬ್ಬಿಯ ಜೊತೆ ಹೆಸರುಗಳೂ. ಆದ್ದರಿಂದ ಶುರುವಾಗುವ ಫೈಲಿನಲ್ಲಿ ಬರೆದುಬಿಡಬೇಕೆಂದಿದ್ದೇನೆ. ನಿನ್ನನ್ನು ಕೇಳದೆ ಬರೆಯಬಾರದು ಅನ್ನಿಸಿತು, ಅದಕ್ಕೆ ಕೇಳುತ್ತಿದ್ದೇನೆ.

ಮನಿಷಾ


ಸಾಂಗಲಿ
೧೪ ಜುಲೈ ೨೦೦೧

ಮನಿಷಾ,

ಕೂಸಿನ ಸುದ್ದಿ ಕೇಳಿ ಸಂತೋಷವಾಯಿತು. ಮಿಕ್ಕಿದ್ದನ್ನು ಓದಿ ಸಿಟ್ಟು ಬಂತು.

ಯಾಕೆಂದು ಕೇಳಬೇಡ ಅಂದಿದ್ದೆ, ನಾನೇ ಹೇಳುತ್ತೇನೆ. ನೀನು ಹೋದ ಮೇಲೆ ಒಂದು ಕ್ಲಾಸಿನಲ್ಲಿ ಕಲಿಸಲು ಸೇರಿದೆ. ಪಾಠಗಳನ್ನೆಲ್ಲ ಚೆಂದಾಗಿ ಬರೆದು ಫೈಲ್ ಮಾಡಿಟ್ಟೆ, ಯಾರು ಬಂದರೂ ಕಲಿಸಬಹುದು ಅನ್ನುವಂತೆ. ಮಾಲೀಕರು ಅದನ್ನು ಓದಿ ನೋಡಿದರು. ಹೌದು, ಯಾರು ಬಂದರೂ ಕಲಿಸಬಹುದು ಅಂದರು. ಮರುವಾರವೇ ತಮ್ಮ ಸೊಸೆಯನ್ನು ಕೂರಿಸಿದರು. ನಾನು ನಮ್ಮ ಪಾರಿಸ ಕಾಕಾನ ಅಂಗಡಿಗೆ ಬಂದು ಕೆಟ್ಟ ಯಂತ್ರಗಳ ಸ್ಕ್ರೂ ತಿರುಗಿಸುತ್ತ ಕುಳಿತೆ. ಇದನ್ನು ಇದುವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ. ನಿನ್ನ ಮುಂದೆ ಹೇಳಿಕೊಳ್ಳುವ ಸಲಿಗೆ ಆಗ ಉಳಿದಿರಲಿಲ್ಲ.

ಆ ಕುರ್ಚಿಯಲ್ಲಿ ನಿನ್ನನ್ನು ಹಿಡಿದಿಟ್ಟಿರುವುದು ಆ ನಾಲ್ಕು ಸಾಲುಗಳು ಮಾತ್ರ. ಫೈಲಿನಲ್ಲಿ ಬರೆದ ದಿನ ಯಂತ್ರಕ್ಕೆ ನೀನು ಬೇಡವಾಗುತ್ತೀ. ಬರೆಯಬೇಡ. ಹೆತ್ತು ಬಾ, ಅಲ್ಲಿಯ ತನಕ ಡಿಸ್ಕ್ ಕುಂಟಲಿ. ನಿನ್ನ ಬೆಲೆ ಅವರಿಗೆ ತಿಳಿಯಲಿ.

ಹರ್ಷದಾ


ಲಿಂಗನೂರು
೨೦ ಜುಲೈ ೨೦೦೧

ಹರ್ಷದಾ,

ಬರೆದುಬಿಟ್ಟೆ.

ನಿನಗಾದದ್ದು ಅನ್ಯಾಯ. ಆದರೆ ಡಿಸ್ಕ್ ಕುಂಟಿದರೆ ಬೆಲೆ ತೆರುವವರು ಯಾರು, ಹೇಳು. ರಾವಸಾಬ ಕಾಕಾ ಪಾಳಿಯಲ್ಲಿ ನಿಲ್ಲುವುದಿಲ್ಲ. ನಿಲ್ಲುವುದು ತುಳಸವ್ವ, ಮಂಡಿ ನೋವು ಇಟ್ಟುಕೊಂಡು. ನನ್ನ ಬೆಲೆ ತೋರಿಸಲು ಅವರನ್ನು ನಿಲ್ಲಿಸುವುದು ನನ್ನಿಂದ ಆಗದು.

ಬೈದು ಬರೆ, ಆದರೆ ಬರೆ.

ಮನಿಷಾ


ಅಥಣಿ ತಾಲೂಕು
೨೮ ಜನವರಿ ೨೦೦೨

ಹರ್ಷದಾ,

ಜುಲೈಯಿಂದ ಬಾಳು ಬರಿಗೈಯಲ್ಲೇ ಬರುತ್ತಿದ್ದ. ನಾನೂ ಹಟ ಹಿಡಿದು ಸುಮ್ಮನಿದ್ದೆ. ಈಗ ಹಟ ಮಾಡುವವಳು ಇನ್ನೊಬ್ಬಳು ಬಂದಿದ್ದಾಳೆ, ನನ್ನ ಹಟ ನಡೆಯುವುದಿಲ್ಲ. ಹೆಣ್ಣು ಮಗು. ಹಾಲು ಕುಡಿಯುವಾಗ ಹುಬ್ಬು ಗಂಟಿಕ್ಕುತ್ತಾಳೆ, ಫ್ಯಾಟ್ ನೋಡುವವರ ಹಾಗೆ.

ನಾನು ಇಲ್ಲಿಗೆ ಬಂದ ಮೇಲೆ ಡೇರಿಯಲ್ಲಿ ರಾವಸಾಬ ಕಾಕಾನ ತಂಗಿಯ ಮಗ ಬಾಳಾಸಾಹೇಬ ಕೂರುತ್ತಾನೆ. ಮಿರಜದಲ್ಲೇ ಬೆಳೆದವನು, ಕಾಲೇಜು ಮುಗಿಸಿದ್ದಾನೆ. ಯಂತ್ರ ಜೋರಾಗಿಯೇ ನಡೆಯುತ್ತಿದೆಯೆಂದು ಅಮಿತ ಹೇಳಿದ. ನೀನು ಹೇಗಿದ್ದೀ? ಇದೊಂದನ್ನಾದರೂ ತಿಳಿಸು.

ಮನಿಷಾ


ಸಾಂಗಲಿ
೨೪ ಮಾರ್ಚ್ ೨೦೦೨

ಮನಿಷಾ,

ಕೂಸಿಗೊಂದು ಕುಲಾವಿ ಹೊಲಿಸಿಟ್ಟಿದ್ದೇನೆ. ಅಂಚೆಯಲ್ಲಿ ಕಳಿಸಲು ಮನಸ್ಸಾಗಲಿಲ್ಲ, ಕೈಯಿಂದಲೇ ತೊಡಿಸಬೇಕು. ಇದನ್ನು ಮೊದಲೇ ಬರೆಯಬೇಕಿತ್ತು. ಸಿಟ್ಟು ಇಳಿದ ಮೇಲೂ ಪೆನ್ನು ಎತ್ತಲು ನಾಚಿಕೆಯಾಗುತ್ತಿತ್ತು.

ನಿನ್ನೆ ಡೇರಿಯ ಪ್ರಿಂಟರ್ ರಿಪೇರಿಗೆ ಕರೆದಿದ್ದರು, ಲಿಂಗನೂರಿಗೆ ಹೋಗಿದ್ದೆ. ಹೇಳದೆ ಮುಚ್ಚಿಡಲಾರೆ. ಬಾಳಾಸಾಹೇಬನ ಕೆಲಸ ಕಾಯಂ ಆಗಿದೆ. ಮನಿಷಾ ಬಂದ ಮೇಲೆ ಹೇಗೆ ಎಂದು ಕೇಳಿದೆ. "ಅದು ತಾನಾ ನಡೀತೈತಿ. ಆಕಿ ಕೂಸಿನ ನೋಡ್ಕೊಳ್ಳಿ" ಅಂದರು ನಿಮ್ಮ ರಾವಸಾಬ ಕಾಕಾ. ಕುರ್ಚಿಯೊಂದೇ ಆಗಿದ್ದರೆ ನಾನು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಯುಗಾದಿ ಪಾಡ್ವಾ ದಿನದಿಂದ ಮನೆಗೊಂದೇ ಖಾತೆ ಮಾಡುತ್ತಾರಂತೆ, ಯಜಮಾನನ ಹೆಸರಿನಲ್ಲಿ. ಅತ್ತೆಯದೊಂದು ಸೊಸೆಯದೊಂದು ಚೀಟಿ ಯಾಕೆ, ಕಾಗದ ದಂಡ ಅಂದ ಆ ಬಾಳಾಸಾಹೇಬ. ಹೊಸ ಪಟ್ಟಿ, ಹೊಸ ನಂಬರು ಎಲ್ಲ ತಯಾರಾಗಿದೆ.

ನಾನು ಹೇಳಿರಲಿಲ್ಲವೇ ಎಂದು ಬರೆಯುವುದಿಲ್ಲ. ಒಂದು ಕೆಲಸ ಮಾಡುತ್ತೇನೆ, ನೀನು ಹೂಂ ಅನ್ನು. ಪ್ರಿಂಟರ್ ಇನ್ನೊಮ್ಮೆ ನೋಡುವ ನೆಪದಲ್ಲಿ ಹೋಗಿ ಆ ನಾಲ್ಕು ಸಾಲುಗಳನ್ನು ಫೈಲಿನಿಂದ ಅಳಿಸಿ ಬರುತ್ತೇನೆ. ಮರುದಿನ ಡಿಸ್ಕ್ ಮೂರಕ್ಕೆ ಇಳಿಯುತ್ತದೆ. ಆ ಹುಡುಗನಿಗೆ ಎಚ್‌ಡಿಪಾರ್ಮ್ ಅನ್ನುವುದೊಂದು ಇದೆಯೆಂದೇ ಗೊತ್ತಿಲ್ಲ. ವಾರದಲ್ಲಿ ನಿನ್ನನ್ನು ಕೈಮುಗಿದು ಕರೆಯುತ್ತಾರೆ.

ನಿನ್ನ
ಹರ್ಷದಾ


ಅಥಣಿ ತಾಲೂಕು
೨ ಏಪ್ರಿಲ್ ೨೦೦೨

ಹರ್ಷದಾ,

ಬೇಡ. ಅಳಿಸಬೇಡ.

ನಿನ್ನ ಕಾಗದ ಓದಿ ಎರಡು ದಿನ ನನಗೂ ಅದೇ ಆಸೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ವೇಗ ನಾವಿಬ್ಬರೂ ಪಾಳಿಯವರಿಗೆ ಕೊಟ್ಟದ್ದು, ಬಾಳಾಸಾಹೇಬನಿಗಲ್ಲ. ಅವನ ಮೇಲಿನ ಸಿಟ್ಟಿಗೆ ಅವರಿಂದ ಕಿತ್ತುಕೊಂಡರೆ ನಮಗೂ ರಾವಸಾಬ ಕಾಕಾನಿಗೂ ಏನು ಫರಕು? ಅಲ್ಲದೆ ಈ ಸಲ ಕೆಟ್ಟಿರುವುದು ಡಿಸ್ಕ್ ಅಲ್ಲ. ಡಿಸ್ಕಿನಿಂದ ಅದು ರಿಪೇರಿಯಾಗುವುದೂ ಇಲ್ಲ.

ಪಾಡ್ವಾಕ್ಕಿಂತ ಮೊದಲೇ ಕೂಸನ್ನು ಕರೆದುಕೊಂಡು ಲಿಂಗನೂರಿಗೆ ಹೋಗುತ್ತಿದ್ದೇನೆ. ಅವ್ವ ಇನ್ನೂ ಒಂದು ತಿಂಗಳು ಇರು ಅನ್ನುತ್ತಿದ್ದಾಳೆ, ಇರುವುದಿಲ್ಲ. ಕುರ್ಚಿ ಇಲ್ಲದಿದ್ದರೆ ಬೇಡ. ನಮ್ಮ ಎಮ್ಮೆ ಇದೆ, ಕ್ಯಾನ್ ಇದೆ. ನಾನೂ ಪಾಳಿಯಲ್ಲಿ ನಿಲ್ಲುತ್ತೇನೆ. ನನ್ನ ಹೆಸರಿನ ಚೀಟಿ ಕೇಳುತ್ತೇನೆ. ಕೊಡದಿದ್ದರೆ ಏನು ಮಾಡಬೇಕೆಂದು ಇನ್ನೂ ಗೊತ್ತಿಲ್ಲ. ಅಲ್ಲಿ ನಿಂತ ಮೇಲೆ ಗೊತ್ತಾಗುತ್ತದೆ.

ನಿನ್ನ
ಮನಿಷಾ


ಲಿಂಗನೂರು
೧೫ ಏಪ್ರಿಲ್ ೨೦೦೨

ಹರ್ಷದಾ,

ಕುರ್ಚಿಯ ಮಾತು ಇನ್ನೂ ಮುಗಿದಿಲ್ಲ, ಅದು ಮುಂದಿನ ಮೀಟಿಂಗಿಗೆ. ಹೆಸರಿನ ಮಾತು ಮೊನ್ನೆ ಪಾಡ್ವಾ ದಿನ ಬೆಳಗ್ಗೆಯೇ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಬ್ಬವೆಂದು ಎಲ್ಲರೂ ಬೇಗ ಬಂದಿದ್ದರು. ಪಾಳಿಯಲ್ಲಿ ತುಳಸವ್ವ ಮೊದಲು, ಅವರ ಹಿಂದೆ ನಾನು, ಬಗಲಲ್ಲಿ ಕೂಸು. ಬಾಳಾಸಾಹೇಬ ಹೊಸ ಅಂಗಿ ಹಾಕಿಕೊಂಡು ಕುಳಿತಿದ್ದ. ಹೊಸ ನಂಬರ್ ಯಾರಿಗೂ ಬಾಯಿಪಾಠವಿರಲಿಲ್ಲ, ಹೆಸರನ್ನೇ ಕೇಳಬೇಕಿತ್ತು.

"ಹೆಸರ?"

"ತುಳಸವ್ವ."

"ಆ ಹೆಸರ ಈಗ ಇಲ್ಲ. ಯಜಮಾನರ ಹೆಸರ ಹೇಳ್ರಿ."

ತುಳಸವ್ವ ಸೆರಗು ಸರಿಮಾಡಿಕೊಂಡರು. "ಅವರ ಹೆಸರ ನಾ ಹ್ಯಾಂಗ ಹೇಳ್ಲಿ? ಲಗ್ನಾಗಿ ಇಷ್ಟ ವರ್ಷ ಆತು, ನನ್ನ ಬಾಯಾಗ ಬಂದಿಲ್ಲ."

ಅವನು ನನ್ನ ಕಡೆ ನೋಡಿದ. "ನೀವರ ಹೇಳ್ರಿ ಅಕ್ಕಾ."

"ಮಾವನ ಹೆಸರ ಸೊಸಿ ಹೇಳ್ತಾಳೇನು?" ಅಂದೆ.

ಅವನು ನಮ್ಮನ್ನು ಬದಿಗೆ ನಿಲ್ಲಿಸಿ ಮುಂದಿನವಳನ್ನು ಕೇಳಿದ. ಅವಳೂ ಹೇಳಲಿಲ್ಲ. ಅದರ ಮುಂದಿನವಳೂ ಹೇಳಲಿಲ್ಲ. ಇದನ್ನು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ ಅಂದರೆ ನೀನು ನಂಬಲಿಕ್ಕಿಲ್ಲ. ತುಳಸವ್ವನದು ನಿಜವಾದ ಸಂಕೋಚ. ಎರಡನೆಯವಳದು ಅರ್ಧ ನಿಜ. ಮೂರನೆಯವಳು ರೇಶನ್ ಅಂಗಡಿಯಲ್ಲಿ ಗಂಡನ ಹೆಸರನ್ನು ಕೂಗಿ ಹೇಳುವವಳು. ಅವಳು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ನಡುವೆ ನಿಂತಿದ್ದ ಗಂಡಸೊಬ್ಬ "ನಾ ಎಲ್ಲಾರದೂ ಹೇಳ್ಲೇನು?" ಅಂದ. ಅವನ ಹೆಂಡತಿ ತಿರುಗಿ ನೋಡಿದಳು, ಅವನು ಒಂದು ಹೆಜ್ಜೆ ಹಿಂದೆ ಸರಿದ.

ಪಾಳಿ ಬೇವಿನ ಗಿಡ ದಾಟಿತು, ರಸ್ತೆಗೆ ಬಂತು. ಯಾರೂ ಆಚೆಯ ಕೊಡೆಯ ಕಡೆ ಹೋಗಲಿಲ್ಲ. ಹಾಲು ಕೆಡುತ್ತದೆಂದು ಬಾಳು ಹಾರ್ನ್ ಹೊಡೆಯತೊಡಗಿದ. ಡಿಸ್ಕ್ ಹದಿನಾರರಲ್ಲೇ ಇತ್ತು, ಒತ್ತಲು ಹೆಸರೇ ಇರಲಿಲ್ಲ.

ಬಾಗಿಲಲ್ಲಿ ಹಬ್ಬದ ಗುಡಿಕೋಲು ಏರಿಸಿ ಮನೆಯಲ್ಲಿದ್ದ ರಾವಸಾಬ ಕಾಕಾ ಹಾರ್ನ್ ಕೇಳಿ ಬಂದರು. "ಇದರಾಗೇನೈತಿ, ನಾ ಹೇಳ್ತೇನಿ ಬರಿ" ಅಂದರು. ತುಳಸವ್ವನನ್ನು ಗುರುತು ಹಿಡಿದು "ಅಮಸಿದ್ದ" ಎಂದು ನಮ್ಮ ಮಾವನ ಹೆಸರು ಹೇಳಿದರು. ಎರಡನೆಯವಳ ಮುಂದೆ ನಿಂತು ಯೋಚಿಸಿದರು. ಮೂರನೆಯವಳ ಮುಂದೆ ನಿಂತು, ಯಾರ ಮನೆಯವಳೆಂದು ತಿಳಿಯದೆ ಬಾಳಾಸಾಹೇಬನ ಕಡೆ ನೋಡಿದರು. ಊರಿನ, ತೋಟದ ವಸ್ತಿಗಳ ಒಬ್ಬೊಬ್ಬ ಗಂಡಸನ್ನೂ ಅವನ ಅಪ್ಪನ ಹೆಸರಿನ ಸಮೇತ ಬಲ್ಲವರು ಅವರು. ಇಷ್ಟು ವರ್ಷ ತಮ್ಮ ಡೇರಿಗೆ ಹಾಲು ಹಾಕಿದವರ ಮುಖ ಅವರಿಗೆ ಗೊತ್ತಿರಲಿಲ್ಲ. ಅದು ಪಾಳಿಯಲ್ಲಿದ್ದ ಎಲ್ಲರಿಗೂ ಕಾಣಿಸಿತು, ಅವರಿಗೂ ಕಾಣಿಸಿತು ಎಂದು ನನಗನ್ನಿಸುತ್ತದೆ.

ಅಷ್ಟರಲ್ಲಿ ಅವರ ಹೆಂಡತಿ, ನಾವೆಲ್ಲ ಕಾಕು ಅನ್ನುವವರು, ಕ್ಯಾನ್ ಹಿಡಿದು ಬಂದು ಪಾಳಿಯ ಕೊನೆಗೆ ನಿಂತರು. ರಾವಸಾಬ ಕಾಕಾನ ಮುಖ ಅರಳಿತು. "ಈಕಿದ ಮೊದಲ ಮುಗಸು, ಹಾದಿ ಆಗಲಿ" ಅಂದರು. ಸೋದರಮಾವನ ಹೆಸರು ಬಾಳಾಸಾಹೇಬನಿಗೆ ಗೊತ್ತಿರದೇನು? ಒತ್ತತೊಡಗಿದ.

ಕಾಕು ಮುಂದೆ ಬಂದರು, ಹಾಲು ಸುರಿಯಲಿಲ್ಲ. ಕ್ಯಾನಿನ ಮುಚ್ಚಳದ ಮೇಲೆ ಕೈಯಿಟ್ಟು ನಿಂತರು.

"ಅವರ ಹೆಸರಿಗೆ ಬ್ಯಾಡ" ಅಂದರು. "ಹಿಂಡಿದಾಕಿ ನಾನು."

ರಾವಸಾಬ ಕಾಕಾ ದನಿ ತಗ್ಗಿಸಿ, "ಮಂದಿ ಮುಂದ ಏನಿದು? ಹೇಳಿಬಿಡು, ಹಾಕ್ಲಿ" ಅಂದರು.

"ನಿಮ್ಮ ಹೆಸರ ನಾ ಹೇಳಂಗಿಲ್ಲರಿ. ನನ್ನ ಹೆಸರ ಕೇಳ್ರಿ, ಹೇಳ್ತೇನಿ."

ಬಾಳು ಹಾರ್ನ್ ನಿಲ್ಲಿಸಿದ್ದ. ರಾವಸಾಬ ಕಾಕಾ ಹೆಂಡತಿಯನ್ನು ನೋಡಿದರು, ರಸ್ತೆಯ ತನಕ ನಿಂತಿದ್ದ ಪಾಳಿಯನ್ನು ನೋಡಿದರು. ಆಮೇಲೆ ಸೋದರಳಿಯನ ಕಡೆ ತಿರುಗಿ "ಹಳೀ ಪಟ್ಟಿ ಹಚ್ಚು" ಅಂದರು.

ಹೊಸ ಪಟ್ಟಿ ತೆಗೆದು ಹಳೆಯದನ್ನು ಮತ್ತೆ ಹಚ್ಚುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಎದ್ದು ಜಾಗ ಬಿಟ್ಟ. ನಾನು ಕೂಸನ್ನು ತುಳಸವ್ವನ ಕೈಗೆ ಕೊಟ್ಟು ಕುಳಿತೆ. ಕಾಕುನ ಹೆಸರು ಹಳೆಯ ಪಟ್ಟಿಯಲ್ಲೂ ಇರಲಿಲ್ಲ. ಅವರ ಮನೆಯ ಹಾಲು ಯಾವಾಗಲೂ ಕಾಕಾನ ಹೆಸರಿನಲ್ಲೇ ಬರುತ್ತಿತ್ತು, ಚೇರಮನ್ನರ ಖಾತೆಯೆಂದು ನಾನೂ ಅದನ್ನು ಮುಟ್ಟಿರಲಿಲ್ಲ. ಹೊಸ ಖಾತೆ ತೆರೆದು ಕೇಳಿದೆ.

"ಹೆಸರ ಹೇಳ್ರಿ ಕಾಕು."

"ಅಲಕಾ" ಅಂದರು.

ಊರಿಗೆಲ್ಲ ಅವರು ಚೇರಮನ್ ಕಾಕು. ಆ ಹೆಸರನ್ನು ಪಾಳಿಯಲ್ಲಿದ್ದ ಯಾರೂ ಅದುವರೆಗೆ ಕೇಳಿರಲಿಲ್ಲ. ನಾನು ಒತ್ತಿದೆ, ಚೀಟಿ ಬಂತು. ಅವರು ಹಾಲು ಸುರಿದು ಪಕ್ಕಕ್ಕೆ ನಿಂತರು, ಮನೆಗೆ ಹೋಗಲಿಲ್ಲ. ಕೊನೆಯವಳು ತನ್ನ ಹೆಸರು ಹೇಳಿ ಚೀಟಿ ಪಡೆಯುವ ತನಕ ಅಲ್ಲೇ ನಿಂತು ಒಂದೊಂದು ಹೆಸರನ್ನೂ ಕೇಳಿಸಿಕೊಂಡರು.

ನಿನ್ನ
ಮನಿಷಾ